ಮಾವ ಹೇಳಿದ್ದಕ್ಕೆ ಉಲ್ಟಾ

ನಮ್ಮ ಸೋದರಮಾವ ಚಿಕ್ಕಬೋರಯ್ಯ ಕೈ ಹಾಕಿದ ವ್ಯಾಪಾರ ಒಂದಾದರೂ ಉಳಿದದ್ದನ್ನು ನಾನು ಕಾಣೆ. ಮದ್ದೂರು ಸ್ಟೇಷನ್ ಎದುರು ಐಸ್‌ಕ್ಯಾಂಡಿ ಅಂಗಡಿ ತೆಗೆದ, ಮರುದಿನದಿಂದ ಹನ್ನೊಂದು ದಿನ ಬಿಡದೆ ಜಡಿಮಳೆ. ಐಸ್ ಡಬ್ಬ ಮಾರಿ ಛತ್ರಿ ತಂದ, ಮಳೆ ನಿಂತಿತು. ಅಗ್ರಹಾರದ ಬೆನ್ನಿಗೇ ಕೋಳಿ ಸಾಕಿದ. ಮೊಟ್ಟೆಗೆ ಗಿರಾಕಿ ಬರಲಿಲ್ಲ, ಪುರಸಭೆಗೆ ಅರ್ಜಿ ಹೋಯಿತು. ಆಲೆಮನೆ ಇಟ್ಟ ವರ್ಷ ಸುತ್ತಲಿನವರೆಲ್ಲ ಕಬ್ಬನ್ನು ಮಂಡ್ಯದ ಕಾರ್ಖಾನೆಗೇ ಸಾಗಿಸಿದರು. ಸಿಕ್ಕಿದ ಒಂದೆರಡು ಗಾಡಿ ಕಬ್ಬನ್ನು ಅರೆಯುವುದರಲ್ಲೇ ಗಾಣದ ಎಂಜಿನ್ ಸುಟ್ಟ.

ಇಷ್ಟಾದರೂ ಬಾಯಿ ಮಾತ್ರ ಸೋತಿರಲಿಲ್ಲ. ಯಾರೋ ಅಂಗಡಿ ಇಡುತ್ತಾರಂತೆ ಎಂಬ ಗಾಳಿಸುದ್ದಿ ಕಿವಿಗೆ ಬಿದ್ದರೆ ಸಾಕು, ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವಲು ಹಾಕಿ, ಬಸ್ಸು ಹತ್ತಿ ಹೋಗಿ ಸಲಹೆ ಕೊಟ್ಟು ಬರುತ್ತಿದ್ದ. ಕೇಳಿದವರು, ಕೇಳದವರು ಎಂಬ ಭೇದ ಅವನಿಗಿರಲಿಲ್ಲ.

ಎಪ್ಪತ್ತೆರಡನೇ ಇಸವಿಯಲ್ಲಿ ನಾನು, ಅಂದರೆ ಸಿದ್ದರಾಜು, ಮಳವಳ್ಳಿಯಲ್ಲಿ ಹಿಟ್ಟಿನ ಮಿಲ್ಲು ಇಡಬೇಕೆಂದು ಹೊರಟೆ. ನಮ್ಮವ್ವ ದೇವಿರಮ್ಮ ಕತ್ತಿನ ಅಡ್ಡಿಕೆ ಬಿಚ್ಚಿ ನನ್ನ ಕೈಗೆ ಹಾಕಿದಳು. ಅದು ಅವಳ ಮೈಮೇಲಿದ್ದ ಒಂದೇ ಒಂದು ಚಿನ್ನದ ಒಡವೆ.

"ಮಾರ್ಬುಟ್ಟು ಮಿಲ್ಲಿಡು," ಎಂದಳು. "ಮುಳುಗ್ಸುದ್ರೆ ಮಾತ್ರ ನಿನ್ ಮಕ ನಾನು ನೋಡಾಕಿಲ್ಲ."

ಸೋದರಮಾವನ ಚಾಳಿ ಮನೆಮಂದಿಗೆಲ್ಲ ಅಂತ ಬೀದಿಯವರು ನನಗೆ ಕೇಳಿಸುವಂತೆಯೇ ಆಡಿಕೊಂಡರು. ಆ ಗಾದೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ನನ್ನ ಹೆದರಿಕೆಯೂ ಅದೇ ಆಗಿತ್ತಲ್ಲ!

ನನಗೆ ಪಾಠ ಹೇಳಿದ ಹೆಡ್‌ಮಾಸ್ಟರು ವೆಂಕಟರಾಮಯ್ಯನವರ ಹತ್ತಿರ ಹೋದೆ. "ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಕಣಯ್ಯ," ಎಂದರು. "ಈ ಕಸುಬಿನಲ್ಲಿ ಗೆದ್ದವರು ಯಾರಿದ್ದಾರೋ ಅವರ ಕಾಲು ಹಿಡಿ."

ಮಂಡ್ಯದಲ್ಲಿ ಮೂರು ಮಿಲ್ಲು ಇಟ್ಟಿದ್ದ ಪುಟ್ಟರಾಜು ಅವರ ಕಾಲು ಹಿಡಿಯಲು ಹೋದೆ. ಪುಣ್ಯಾತ್ಮರು ಕಾಫಿ ಕೊಡಿಸಿದರು. ಎಷ್ಟು ಅಗಲದ ಕಲ್ಲು ಹಾಕಿಸಲಿ ಎಂದು ಕೇಳಿದೆ. "ಎಲ್ಲಾ ಭಗವಂತನ ದಯೆ ಕಣಪ್ಪ," ಎಂದರು. ಮೋಟರೋ ಎಂಜಿನ್ನೋ ಎಂದೆ. "ಅವನು ನಡೆಸಿದಂಗೆ," ಎಂದು ಗೋಡೆಯ ಮೇಲಿನ ಪಟಕ್ಕೆ ಕೈ ಮುಗಿದರು. ನಮ್ಮ ಮನೆಯ ದೇವರ ಪಟದ ಕಾಲೇ ಹಿಡಿದಿದ್ದರೆ ಬಸ್ ಚಾರ್ಜು ಉಳಿಯುತ್ತಿತ್ತು ಎಂದು ಬೈದುಕೊಳ್ಳುತ್ತಾ ವಾಪಸ್ಸು ಬಂದೆ.

ಅವ್ವ ಮುದ್ದೆ ತೊಳಸುತ್ತಾ ಎಲ್ಲವನ್ನೂ ಕೇಳಿದಳು. ಆಮೇಲೆ, "ನಮ್ಮಣ್ಣನ್ನ ಕೇಳು," ಎಂದಳು.

"ಮಾವನ್ನಾ? ನಿಂಗೇನಾರ ತಲೆ ಕೆಟ್ಟದಾ?"

"ಲೇ, ಗೆದ್ದೋರ್ಗೆ ತಾವು ಯಾಕ್ ಗೆದ್ದೋ ಅಂತ ಗೊತ್ತಿರಾಕಿಲ್ಲ. ನಮ್ಮಣ್ಣ ಮೂವತ್ತು ವರ್ಸದಿಂದ ಒಂದ್ ಮಾತ್ನೂ ಸರಿಯಾಗಿ ಏಳಿಲ್ಲ. ಇಂಥ ನಂಬಿಕಸ್ತ ಇನ್ನೆಲ್ಲಿ ಸಿಕ್ಕಾನು? ಅವ್ನು ಏಳೋದ್ನೆಲ್ಲ ಕೇಳ್ಕೊ. ಉಲ್ಟಾ ಮಾಡು."

ಇದು ಹೆಡ್‌ಮಾಸ್ಟರಿಗೂ ಹೊಳೆಯದ ಉಪಾಯ. ಮಾವನಿಗೆ ಕಾಗದ ಬರೆದೆ. ಕಾಗದ ತಲುಪಿದ ದಿನವೇ ಮಾವನೂ ಬಂದ.

"ಮೋಟ್ರು ಆಕು," ಎಂದ ಕೂರುವ ಮೊದಲೇ. "ಸಿವನಸಮುದ್ರದ ಪವರ್ ಹೌಸು ನಮ್ ತಾಲ್ಲೂಕಲ್ಲೇ ಅದೆ ಕಣ್ಲಾ. ನಮ್ ಅಸ ನಮ್ ಮನೇಗೇ ಆಲು ಕೊಡಾಕಿಲ್ವಾ? ಕರೆಂಟು ಓದ್ರೆ ಬೆಂಗ್ಳೂರ್ನೋರ್ಗೆ ಓಯ್ತದೆ, ನಮ್ಗೆ ಓಯ್ತದಾ?"

ನಿಜ ಹೇಳಬೇಕೆಂದರೆ ಊರಿಗೆ ಊರೇ ಹೀಗೆ ನಂಬಿತ್ತು. ಊರಲ್ಲಿ ಆಗಲೇ ಇದ್ದ ಮೂರು ಮಿಲ್ಲೂ ಮೋಟರಿನವೇ. ನಾನು "ಆಯ್ತು ಮಾವ" ಎಂದು ತಲೆಯಾಡಿಸಿ ಡೀಸೆಲ್ ಎಂಜಿನ್ ತಂದೆ. ಬಸ್ ಸ್ಟ್ಯಾಂಡ್ ಪಕ್ಕ ಇಡು ಎಂದಿದ್ದ. ಊರಿನ ಇನ್ನೊಂದು ತುದಿಗೆ, ಸಂತೆಮಾಳದ ಹತ್ತಿರ ಇಟ್ಟೆ. ರಾಗಿಗೂ ಮೆಣಸಿನಕಾಯಿಗೂ ಒಂದೇ ಕಲ್ಲು ಸಾಕು ಎಂದಿದ್ದ; ಎರಡು ಹಾಕಿಸಿದೆ. ಬಿಸಿಲೇರಿದ ಮೇಲೆ ಬಾಗಿಲು ತೆಗೆ ಎಂದಿದ್ದ. ಕೋಳಿ ಕೂಗುವ ಹೊತ್ತಿಗೆ ತೆಗೆದೆ.

ಪೂಜೆಯ ದಿನ ಬಂದ ಮಾವ ಬಾಗಿಲಲ್ಲೇ ನಿಂತ. "ಮೋಟ್ರು ಎಲ್ಲ?"

"ಸ್ಟಾಕ್ ಇಲ್ಲ ಅಂದ್ರು ಮಾವ."

"ಬಸ್ ಸ್ಟ್ಯಾಂಡ್ ತಾವ?"

"ಜಾಗ ಸಿಗ್ನಿಲ್ಲ."

"ಎಲ್ಡು ಕಲ್ಲು ಯಾಕ್ಲಾ?"

"ಜೋಡಿ ಒಡೆಯಾಕಿಲ್ಲ ಅಂದ ಅಂಗಡಿಯೋನು."

ಮಾವ ಟವಲಿನಿಂದ ಕಣ್ಣೊರೆಸಿಕೊಂಡ. "ನಿನ್ ಅಣೇಲಿ ಬರ್ದಿಲ್ಲ ಬುಡು ಮಗ. ನಾನ್ ಏಳಿದ್ದು ಒಂದೂ ಸಿಗ್ನಿಲ್ವಲ್ಲ!" ಅದನ್ನು ಕೇಳಿ ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು.

ಮುಂದಿನ ಬೇಸಿಗೆಗೆ ಕರೆಂಟು ಹೋಯಿತು. ಹೋಯಿತು ಎಂದರೆ ದಿನಕ್ಕೆ ಎರಡು ಗಂಟೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಪವರ್ ಹೌಸು ನಮ್ಮದು, ಕರೆಂಟು ನಮ್ಮದಲ್ಲ ಎಂದು ಊರಿಗೆ ಆಗ ತಿಳಿಯಿತು. ಆ ಎರಡು ಗಂಟೆಯ ಅವಸರದಲ್ಲಿ ಒಂದು ಮಿಲ್ಲಿನವನು ಮೆಣಸಿನಕಾಯಿ ಬೀಸಿದ ಕಲ್ಲಿಗೇ ರಾಗಿ ಸುರಿದ. ಅವತ್ತು ಒಂದು ಬೀದಿಯ ಜನರೆಲ್ಲ ಮುದ್ದೆ ನುಂಗಿ, ಸಾರು ಬೇಡ, ನೀರು ಕೊಡಿ ಎಂದರು. ಮಾರನೆಯ ದಿನ ಆ ಬೀದಿಯೂ ನನ್ನ ಬಾಗಿಲಿಗೆ ಬಂತು. ನನ್ನ ಎಂಜಿನ್ ಬೆಳಗಿನಿಂದ ಸಂಜೆಯವರೆಗೆ ಡುಗುಡುಗು ಎನ್ನುತ್ತಿತ್ತು, ನಾನು ಮನಸ್ಸಿನಲ್ಲೇ ಮಾವನಿಗೆ ಕೈ ಮುಗಿಯುತ್ತಿದ್ದೆ.

ಒಂದು ವಾರ ಸಂತೆಯ ಹಿಂದಿನ ದಿನ, ಎಂದಿನ ಹಾಗೆ ಸಲಹೆ ಹೊತ್ತು ಮಾವ ಬಂದ. ಮಿಲ್ಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ರಾಗಿ ಚೀಲ. ಅವನು ನೇರ ಎಂಜಿನ್ ಪಕ್ಕಕ್ಕೆ ಹೋಗಿ ಅದನ್ನು ತಂಪು ಮಾಡುವ ನೀರಿನ ಡ್ರಮ್ಮಿನ ಮೇಲೆ ಕೈಯಿಟ್ಟು, ಸುಟ್ಟುಕೊಂಡವನಂತೆ ಕೈ ಎಳೆದುಕೊಂಡ.

"ಲೇ, ನಿಲ್ಸು! ನೀರು ಕುದೀತಾ ಅದೆ. ನೀರು ಬದ್ಲಾಯ್ಸು, ಎಂಜಿನ್ನು ಒಸಿ ಉಸಿರು ಬುಡ್ಲಿ."

"ಆಯ್ತು ಮಾವ. ನೀನು ಓಗಿ ಕಾಫಿ ಕುಡ್ಕೊಂಡು ಬಾ," ಎಂದೆ.

ಅವನು ಅತ್ತ ಹೋದದ್ದೇ ತಡ, ನಾನು ಅವ್ವನ ಉಲ್ಟಾ ನಿಯಮದ ಪ್ರಕಾರ ನಡೆದೆ. ನೀರು ಮುಟ್ಟಲಿಲ್ಲ. ಎಂಜಿನ್ನಿನ ಸ್ಪೀಡು ಇನ್ನಷ್ಟು ಏರಿಸಿದೆ. ಕಾಲು ಗಂಟೆಯಲ್ಲಿ ಎಂಜಿನ್ ಕಿರ್ರೆಂದು ಕಿರುಚಿ ನಿಂತುಬಿಟ್ಟಿತು. ಚಕ್ರ ತಿರುಗಿಸಲು ನಾಲ್ಕು ಜನ ಜೋತುಬಿದ್ದೆವು, ಅದು ಅಲುಗಲಿಲ್ಲ. ಅವ್ವನ ಅಡ್ಡಿಕೆ ಕಣ್ಣ ಮುಂದೆ ಬಂತು.

ಸಾಲಿನ ಮೊದಲಿದ್ದ ಸಣ್ಣತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಾಳೀಕೆ ನನ್ ಮಗಳ್ನ ನೋಡಾಕೆ ನೆಂಟ್ರು ಬತ್ತಾವ್ರೆ. ಮುದ್ದೆಗೆ ನಿನ್ ತಲೆ ಬೀಸ್ಲಾ?"

ಗಲಾಟೆ ಕೇಳಿ ಅವ್ವ ಮನೆಯಿಂದ ಓಡಿಬಂದಳು. ಮಾವನೂ ಬಂದ.

"ನೀರು ಬದ್ಲಾಯ್ಸು ಅಂದಿದ್ನಲ್ಲ?"

"ಎಂಜಿನ್ ಸದ್ದಲ್ಲಿ ಕೇಳಿಸ್ನಿಲ್ಲ ಮಾವ."

"ಯಾಕ್ಲಾ ಸುಳ್ಳು ಬೊಗಳ್ತೀಯ?" ಎಂದಳು ಅವ್ವ. ಸುಳ್ಳು ಅವಳಿಗೆ ಆಗದು, ಅದಕ್ಕೆ ಹೊತ್ತುಗೊತ್ತೂ ಇಲ್ಲ. "ಅಣ್ಣ, ನೀನ್ ಏಳಿದ್ದಕ್ಕೆಲ್ಲ ಉಲ್ಟಾ ಮಾಡು ಅಂತ ನಾನೇ ಏಳ್ಕೊಟ್ಟಿದ್ದು."

ಮಾವ ಒಂದು ಚೀಲದ ಮೇಲೆ ಕುಳಿತು ಬೆರಳು ಮಡಿಸಿದ. "ಮೋಟ್ರು?"

"ಉಲ್ಟಾ ಮಾವ."

"ಬಸ್ ಸ್ಟ್ಯಾಂಡು? ಕಲ್ಲು?"

"ಎಲ್ಲಾ."

"ಅದ್ಕೇ ಮಿಲ್ಲು ನಡೀತಾ ಅದೆ," ಎಂದ ಮೆಲ್ಲಗೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಜನ್ಮದಲ್ಲಿ ಮೊದಲ ಸಲ ಒಬ್ಬ ಮನುಷ್ಯ ತನ್ನ ಮಾತು ಕೇಳುತ್ತಿದ್ದಾನೆ ಎಂದುಕೊಂಡು ಅವನು ವಾರವಾರ ಬಸ್ಸು ಹತ್ತಿ ಬರುತ್ತಿದ್ದ. ಆ ಸುಖವನ್ನೂ ನಾನು ಕಿತ್ತುಕೊಂಡಿದ್ದೆ.

"ಮಿಕ್ಕಿದ್ದು ಓಗ್ಲಿ ಕಣ್ಲಾ. ಮಿಕ್ಕಿದ್ದೆಲ್ಲ ನಾನು ಬಾಯಿಗೆ ಬಂದಂಗೆ ಏಳ್ದೆ," ಎಂದ ಮಾವ. "ಈ ಎಂಜಿನ್ ಸಮಾಚಾರ ಅಂಗಲ್ಲ. ಆಲೆಮನೇಲಿ ಇಂಗೇ ನಿಲ್ಲಿಸ್ದೆ ಓಡ್ಸಿ ಸುಟ್ಟೋನು ನಾನು. ಕೆಡ್ಸಿ ಕಲ್ತಿರೋದ್ನೂ ಉಲ್ಟಾ ಮಾಡೋದಾ?"

ಅವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಬಿಳಿ ಪಂಚೆ ಮೇಲೆ ಕಟ್ಟಿ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತ. ಅದು ತಣ್ಣಗಾಗುವವರೆಗೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ಆಮೇಲೆ ಒಳಕ್ಕೆ ಸೀಮೆಎಣ್ಣೆ, ಎಂಜಿನ್ ಆಯಿಲ್ ಸುರಿದು ನೆನೆಯಲು ಬಿಟ್ಟ. ಚಕ್ರವನ್ನು ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ, ತೊಟ್ಟಿಲು ತೂಗಿದಂತೆ ಅಲ್ಲಾಡಿಸಿದ. ಹೊತ್ತು ಇಳಿಯುವಾಗ ಎಂಜಿನ್ ಎರಡು ಸಲ ಕೆಮ್ಮಿ ಡುಗುಡುಗು ಎಂದಿತು. ಸಣ್ಣತಾಯಮ್ಮ ಮೊದಲ ಹಿಟ್ಟನ್ನು ಮುಟ್ಟಿ ನೋಡಿ, "ನುಣ್ಗದೆ," ಎಂದಳು. ನಾನು ಮಾವನ ಎಣ್ಣೆ ಕೈಯನ್ನೇ ಹಿಡಿದುಕೊಂಡು ಅತ್ತೆ.

ಮಾವ ಕೈ ಬಿಡಿಸಿಕೊಂಡು ಟವಲು ಕೊಡವಿದ. ಮದ್ದೂರಿನ ಬಸ್ಸಿಗೆ ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

"ಕೊನೇದಾಗಿ ಒಂದ್ ಬುದ್ಧಿವಾದ ಏಳ್ತೀನಿ, ಕೇಳ್ಕೊ. ನನ್ನ ಮಾತ್ರ ಈ ಮಿಲ್ಲಿಗೆ ಸೇರಿಸ್ಕಬ್ಯಾಡ. ಎಂಜಿನ್ ನೋಡ್ಕೊಳಾಕೆ ಅಂತ ಇಲ್ಲೊಂದು ಕುರ್ಚಿ ಆಕ್ಬ್ಯಾಡ. ಮದ್ಯಾನ ಉಣ್ಣಾಕೆ ಮನೆಗೆ ಕರೀಬ್ಯಾಡ."

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಚೀಲಗಳ ಹಿಂದಕ್ಕೆ ಹೋದಳು.

ಮರುದಿನ ನಾನು ಸಂತೆಯಲ್ಲಿ ಮೊದಲು ಕೊಂಡದ್ದು ಒಂದು ಕುರ್ಚಿ. ಮಾವ ಮೊದಲ ಬಸ್ಸಿಗೇ ಬಂದಿದ್ದ. "ಎಲ್ಲಿ ಆಕ್ಲಿ ಮಾವ?" ಎಂದು ಕೇಳಿದೆ.

ಅವನು ಮಿಲ್ಲನ್ನೆಲ್ಲ ಒಂದು ಸುತ್ತು ನೋಡಿ, ಬಹಳ ಯೋಚಿಸಿ, ಎಂಜಿನ್ನಿನ ಹೊಗೆ ಕೊಳವೆ ಹೊರಕ್ಕೆ ಬರುವ ಜಾಗ ತೋರಿಸಿದ. "ಅಲ್ಲಾಕು. ಗಾಳಿ ಚೆನ್ನಾಗಿ ಬತ್ತದೆ."

"ಆಯ್ತು ಮಾವ," ಎಂದು ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿದೆ.