ಯಲ್ಲದಕೆರೆಯಲ್ಲಿ ತಿದ್ದಿದ ಅಧ್ಯಾಯ

ಹೊಳಲ್ಕೆರೆಯ ಜವಳಿ ವ್ಯಾಪಾರಿಯ ಮಗ ಮುರುಗಪ್ಪ ಮೈಸೂರಿನಲ್ಲಿ ಎಂ.ಎ. ಮುಗಿಸಿ, ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ಲಂಡನ್ನಿಗೆ ಹೋಗಿದ್ದ. ಹಳ್ಳಿಗಳಲ್ಲಿ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂಬುದು ಅವನ ಪ್ರಬಂಧದ ವಿಷಯ. ಎರಡು ವರ್ಷ ಸರ್ಕಾರಿ ವರದಿಗಳನ್ನು ಓದಿ ಆರು ಅಧ್ಯಾಯ ಬರೆದ. ಪ್ರೊಫೆಸರು ಎಲ್ಲವನ್ನೂ ಓದಿ, "ಇದರಲ್ಲಿ ನೀನು ಕಣ್ಣಾರೆ ಕಂಡದ್ದು ಯಾವುದು?" ಎಂದು ಕೇಳಿದರು. ಅವನಿಗೆ ನಾಚಿಕೆಯಾಯಿತು. ೧೯೨೭ರ ಬೇಸಿಗೆಗೆ ಊರಿಗೆ ಬಂದವನು ನಾಲ್ಕೇ ದಿನ ಮನೆಯಲ್ಲಿದ್ದು, ಹಿರಿಯೂರಿನಿಂದ ಗಾಡಿ ಮಾಡಿಕೊಂಡು ಯಲ್ಲದಕೆರೆ ಎಂಬ ಹಳ್ಳಿಗೆ ಹೋದ.

ಅಲ್ಲಿನ ಕುರುಬರ ಹಿರಿಯ ಪಾಲಯ್ಯ ಅವನನ್ನು ಬೇವಿನ ಮರದ ಕಟ್ಟೆಗೆ ಕರೆದೊಯ್ದ.

"ಕುಂತ್ಕಳ್ರಿ ಸ್ವಾಮಿ. ಇವತ್ತೊಂದು ಪಂಚಾಯ್ತಿ ಐತೆ, ನೋಡೀರಂತೆ."

ಊರಿನ ಕುರಿಮಂದೆಯನ್ನು ಗೊಬ್ಬರಕ್ಕಾಗಿ ಮೊದಲು ಯಾರ ಹೊಲದಲ್ಲಿ ನಿಲ್ಲಿಸಬೇಕು ಎಂಬುದು ಜಗಳ. ಗೋವಿಂದಪ್ಪ ತನಗೇ ಮೊದಲು ಬೇಕೆಂದ, ದೊಡ್ಡತಿಮ್ಮಪ್ಪ ಬಿಡಲೊಲ್ಲ. ಪಾಲಯ್ಯ ತೀರ್ಪು ಹೇಳುತ್ತಾನೆಂದು ಮುರುಗಪ್ಪ ಪೆನ್ಸಿಲ್ ಹಿಡಿದು ಕಾದ. ಪಾಲಯ್ಯ ಬಾಯಿ ಬಿಡಲಿಲ್ಲ. ಕಟ್ಟೆಯ ಕೆಳಗೆ ಉಣ್ಣೆ ನೂಲುತ್ತಿದ್ದ ಮುದುಕಿ ಬೊಮ್ಮಕ್ಕ ಮಾತಾಡಿದಳು.

"ಗೋವಿಂದಪ್ಪ, ಹೋದ ವರ್ಷ ಮಂದೆ ಮೊದ್ಲು ಯಾರ ಹೊಲ್ದಾಗಿತ್ತು?"

"ನಂದ್ರಾಗೆ."

"ರಾಗಿ ಹೆಂಗ್ ಬಂತು?"

"ಚೆನ್ನಾಗೇ ಬಂತು."

"ತಿಮ್ಮಪ್ಪಂದು?"

"ಅಷ್ಟಕ್ಕಷ್ಟೇ" ಎಂದ ಗೋವಿಂದಪ್ಪ. ಮುದುಕಿ ನೂಲು ಎಳೆಯುತ್ತಲೇ ಇದ್ದಳು. ಕೊನೆಗೆ ಗೋವಿಂದಪ್ಪನೇ, "ಹೋಗ್ಲಿ ಬಿಡ್ರಿ, ಈ ಸಲ ಅವನ್ದೇ ಮುಂದಾಗ್ಲಿ" ಎಂದು ಎದ್ದ.

ಹಳ್ಳಿಯಲ್ಲಿ ಹಿರಿಯನ ಮಾತೇ ಅಂತಿಮ, ಹೆಂಗಸರಿಗೆ ಪಂಚಾಯಿತಿಯಲ್ಲಿ ಸ್ಥಾನವಿಲ್ಲ ಎಂದು ಮುರುಗಪ್ಪ ಲಂಡನ್ನಿನಲ್ಲಿ ಬರೆದಿದ್ದ. ಅದನ್ನು ಹೊಡೆದುಹಾಕಿ, ವಾರವೆಲ್ಲ ಅಲ್ಲೇ ಉಳಿದು ಹೊಸದಾಗಿ ಬರೆದ. ಹೊರಡುವ ಮುನ್ನ ಅದನ್ನು ಕನ್ನಡದಲ್ಲಿ ಅವರಿಗೇ ಓದಿ ಹೇಳಿದ. 'ಬೊಮ್ಮಕ್ಕ ತೀರ್ಪು ಕೊಟ್ಟಳು' ಎಂಬ ಮಾತು ಬಂದದ್ದೇ ಮುದುಕಿ ಕೈಯೆತ್ತಿದಳು.

"ಅದು ಸುಳ್ಳಪ್ಪ. ನಾನೆಲ್ಲಿ ತೀರ್ಪು ಕೊಟ್ಟೆ? ಬರೀ ಕೇಳ್ದೆ. ಇತ್ಯರ್ಥ ಅವನೇ ಮಾಡ್ಕಂಡ."

"ಹಂಗೇ ಬರ್ಕಳ್ರಿ" ಎಂದ ಗೋವಿಂದಪ್ಪ. ಅವನ ದನಿಯಲ್ಲಿ ಹೆಮ್ಮೆಯಿತ್ತು.

ಮುರುಗಪ್ಪ ಆ ಸಾಲನ್ನು ಹೊಡೆದುಹಾಕಿದ. ವರ್ಷಗಟ್ಟಲೆ ಹುಡುಕಿದ್ದನ್ನು ಮುದುಕಿ ಒಂದೇ ಮಾತಿನಲ್ಲಿ ತಿದ್ದಿ ಕೊಟ್ಟಿದ್ದಳು. ಸೋತವನು ತಾನೇ ಒಪ್ಪಿ ಏಳುವಂತೆ ಮಾಡುವುದೇ ಇಲ್ಲಿನ ಅಧಿಕಾರ ಎಂದು ಅಲ್ಲೇ, ತೊಡೆಯ ಮೇಲೆ ಕಾಗದವಿಟ್ಟು ಬರೆದ. ಮತ್ತೆ ಓದಿದ. ಈ ಸಲ ಯಾರೂ ತಡೆಯಲಿಲ್ಲ. ಪಾಲಯ್ಯನ ಹೆಂಡತಿ ಗಂಗಕ್ಕ ಎಲ್ಲರಿಗೂ ಮಜ್ಜಿಗೆ ತಂದಳು.

ಮಾರನೆಯ ವರ್ಷ ಅವನಿಗೆ ಪದವಿ ಬಂತು. ಪರೀಕ್ಷಕರು ಒಂದೂವರೆ ಗಂಟೆ ಯಲ್ಲದಕೆರೆಯ ಬಗ್ಗೆಯೇ ಕೇಳಿದರಂತೆ. ಮುಂದೆ ಅವನು ಮೈಸೂರಿನಲ್ಲಿ ಅಧ್ಯಾಪಕನಾದ. ಬೇಸಿಗೆ ಬಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಿರಿಯೂರಿನ ಕಡೆ ಹೊರಟುಬಿಡುತ್ತಿದ್ದ. ಮೊದಲ ಸಲ ಅಷ್ಟು ಮಂದಿಯನ್ನು ಕಂಡ ಬೊಮ್ಮಕ್ಕ, "ಎಲ್ರೂ ಉಂಡು ಹೋಗ್ರಪ್ಪ" ಎಂದು ಮುದ್ದೆಗೆ ಎಸರಿಡಲು ಎದ್ದಳು.