ಓರಗಿತ್ತಿಯದಕ್ಕಿಂತ ದೊಡ್ಡ ಚಿಮಣಿ

ಮಾರ್ಗಿಲಾನ್ ಊರಿನಲ್ಲಿ ಚಳಿ ಶುರುವಾಯಿತೆಂದರೆ ಅಡುಗೆಮನೆ ಕಿಟಕಿಗಳೆಲ್ಲ ಮುಚ್ಚಿಬಿಡುತ್ತವೆ. ಸಂದಿಗೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆಯುತ್ತಾರೆ. ಒಳಗೆ ಕುರಿಮಾಂಸ ಹುರಿದರೆ ಎಣ್ಣೆಹೊಗೆ ಗೋಡೆಗೂ ಮೆತ್ತುತ್ತದೆ, ತಲೆಗೂದಲಿಗೂ ಮೆತ್ತುತ್ತದೆ. ಸನೋಬರಳಿಗೆ ಇದು ಎಂದೋ ಒಗ್ಗಿಹೋಗಿತ್ತು. ಒಗ್ಗದೇ ಹೋಗಿದ್ದು, ಓರಗಿತ್ತಿ ಮುನಿಸಾಳ ಒಲೆಯ ಮೇಲೆ ಹೊಗೆ ಎಳೆಯುವ ಕರೆಂಟಿನ ಚಿಮಣಿ ಬಂದಾಗ.

ಒಂದೇ ಅಂಗಳ, ಆಚೆಗೊಂದು ಈಚೆಗೊಂದು ಅಡುಗೆಮನೆ. ಅತ್ತೆ ಖೋಲಿದಾ ಮೊದಲೆಲ್ಲ ಹಿರಿಸೊಸೆ ಸನೋಬರಳ ಹತ್ತಿರವೇ ಚಹಾ ಕುಡಿಯುತ್ತಿದ್ದರು. ಈಗ ರೊಟ್ಟಿ ಹಿಡಿದುಕೊಂಡು ಆಚೆ ನಡೆದುಬಿಡುತ್ತಿದ್ದರು.

"ಅಲ್ಲಿ ಕಣ್ಣು ಉರಿಯೋದಿಲ್ಲ ಕಣಮ್ಮ," ಎಂದರು ಒಂದು ದಿನ.

ಉರಿದದ್ದು ಸನೋಬರಳ ಹೊಟ್ಟೆ. ಗಂಡ ಇಕ್ರೋಮ್ ಕೆಲಸದಿಂದ ಬಂದವನೇ ಅವಳಿಂದ ಕೇಳಿಸಿಕೊಳ್ಳಬೇಕಾಯಿತು: "ನಿಮ್ಮಮ್ಮನಿಗೆ ನಾನು ಬೇಡವಾದೆ. ನನಗೂ ಚಿಮಣಿ ಬೇಕು. ಅವಳದಕ್ಕಿಂತ ದೊಡ್ಡದು!"

ದೊಡ್ಡದೇ ಬಂತು. ಶುಕ್ರವಾರ ಕೇರಿಯ ಹೆಂಗಸರೆಲ್ಲ ಸನೋಬರಳ ಮನೆಗೆ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಅದು ಗೋಡೆಯ ಮೇಲೆ ಮಿಂಚಬೇಕು. ಗೋಡೆ ಕೊರೆಯುವ ಮಿಸ್ತ್ರಿ ಮುಂದಿನ ವಾರ ಬರುತ್ತೇನೆ ಎಂದ. ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಇಕ್ರೋಮ್ ತಾನೇ ಏಣಿ ಹತ್ತಿ, ಗ್ಯಾಸ್ ಗೀಸರಿನ ಹೊಗೆ ಹೊರಗೆ ಹೋಗುವ ಕೊಳವೆಗೇ ಚಿಮಣಿಯ ಬಾಯಿ ಸೇರಿಸಿದ.

ಮುನಿಸಾ ಬಾಗಿಲಲ್ಲಿ ನಿಂತು ನೋಡಿದಳು. "ಭಾವ, ಅದು ಗೀಸರಿನ ಕೊಳವೆ ಅಲ್ವಾ? ನಮ್ಮ ಮನೆಗೆ ಬಂದ ಗ್ಯಾಸ್ ಆಫೀಸಿನವರು ಚಿಮಣಿಗೆ ಬೇರೆ ತೂತೇ ಬೇಕು ಅಂದ್ರು. ಇಲ್ಲಾಂದ್ರೆ ಗೀಸರಿನ ವಿಷಗಾಳಿ ವಾಪಸ್ ಮನೆಯೊಳಗೇ ಬರುತ್ತಂತೆ."

"ಗಾಳಿ ಗಾಳಿನೇ ತಾನೆ? ಯಾವ ಕೊಳವೆ ಆದ್ರೇನು?" ಎಂದ ಇಕ್ರೋಮ್.

"ಅಕ್ಕಾ, ಕಿಟಕಿನಾದ್ರೂ ಒಂಚೂರು ತೆಗೆದಿಡಿ."

"ಯಾಕೆ, ನಂದು ದೊಡ್ಡದಿದೆ ಅಂತ ನೋಡೋಕಾಗ್ತಿಲ್ವಾ?" ಎಂದಳು ಸನೋಬರ್. ಮುನಿಸಾ ಮುಖ ಸಣ್ಣ ಮಾಡಿಕೊಂಡು ಹೊರಟುಹೋದಳು. ಸನೋಬರಳಿಗೆ ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು.

ಶುಕ್ರವಾರ ಅತ್ತೆಯನ್ನು ಕೈಹಿಡಿದು ಕರೆತಂದು ಒಲೆಯ ಪಕ್ಕದಲ್ಲೇ ಕೂರಿಸಿದಳು. ಪಲಾವಿಗೆ ಗಜ್ಜರಿ ಹೆಚ್ಚುವ ಕೆಲಸ ಕೊಟ್ಟಳು. ಚಿಮಣಿ ಜೋರಾಗಿ ಗುಂಯ್‌ಗುಟ್ಟುತ್ತಿತ್ತು. ಮಗಳು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು, ಹಾಗಾಗಿ ಅಡುಗೆಮನೆಯ ಗೀಸರೂ ಉರಿಯುತ್ತಿತ್ತು. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ.

"ತಲೆ ಸಿಡೀತಿದೆ ಕಣೇ," ಎಂದರು ಅತ್ತೆ.

ಸನೋಬರಳಿಗೆ ರೇಗಿಹೋಯಿತು. "ಆಚೆ ಮನೆಗೆ ಹೋಗೋಕೆ ನೆಪ ಬೇಕಾ ಅತ್ತೆ? ಅವಳ ಮನೇಲಿ ಒಂದಿನಾನೂ ನಿಮಗೆ ತಲೆ ನೋಯಲಿಲ್ವಲ್ಲ!"

ಅತ್ತೆ ತಲೆ ಬಗ್ಗಿಸಿ ಮತ್ತೆ ಗಜ್ಜರಿ ಹೆಚ್ಚತೊಡಗಿದರು. ಸ್ವಲ್ಪ ಹೊತ್ತಿಗೆ ಚಾಕು ಕೆಳಗೆ ಬಿತ್ತು. ತಿರುಗಿ ನೋಡಿದರೆ ಅತ್ತೆಯ ತಲೆ ಎದೆಯ ಮೇಲೆ ವಾಲಿತ್ತು. ಹಿಡಿಯಲು ಹೋದ ಸನೋಬರಳ ಕಾಲಲ್ಲೇ ಶಕ್ತಿಯಿರಲಿಲ್ಲ. ಅವಳು ಗೋಡೆ ಹಿಡಿದು ಕುಸಿದಳು.

ಊಟಕ್ಕೆಂದು ಬಿಸಿರೊಟ್ಟಿ ತಂದ ಮುನಿಸಾ ಬಾಗಿಲು ತೆಗೆದದ್ದು ಆಗ. ರೊಟ್ಟಿಯನ್ನು ಅಲ್ಲೇ ಎಸೆದಳು. ಬಾಗಿಲು ಅಗಲ ತೆರೆದು, ಕಿಟಕಿಯ ಪ್ಲಾಸ್ಟಿಕ್ ಹರಿದಳು, ಗ್ಯಾಸ್ ಬಂದ್ ಮಾಡಿದಳು. ಅತ್ತೆಯನ್ನು ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದಳು. ಮತ್ತೆ ಒಳಗೆ ನುಗ್ಗಿ ಬಚ್ಚಲಿನ ಹುಡುಗಿಗೆ ಹೊದಿಕೆ ಸುತ್ತಿ ತಂದಳು. ಆಮೇಲೆ ಸನೋಬರಳನ್ನು. ಕೂಗಾಟ ಕೇಳಿ ಬಂದ ನೆರೆಯವರು ಆಂಬುಲೆನ್ಸ್ ಕರೆದರು.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಅತ್ತೆ ಕಣ್ಣು ಬಿಟ್ಟಾಗ ಮುನಿಸಾಳ ಕೈ ಹಿಡಿದುಕೊಂಡಿದ್ದರು. ಪಕ್ಕದ ಮಂಚದಿಂದ ಅದನ್ನು ನೋಡಿದ ಸನೋಬರಳಿಗೆ ಆಗಲೂ ಒಳಗೊಳಗೇ ಚುರುಕ್ಕೆಂದಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ಆವತ್ತು ನನ್ನ ಜೊತೆ ಜಗಳ ಆಡಿಯಾದ್ರೂ ತಡೀಬೇಕಿತ್ತು ಕಣೇ," ಎಂದಳು.

"ಆಡಬೇಕಿತ್ತು ಅಕ್ಕಾ. ನನಗೂ ಸಿಟ್ಟು ಬಂತು, ಏನಾದ್ರೂ ಮಾಡ್ಕೊಳ್ಳಲಿ ಅಂತ ಬಿಟ್ಟೆ." ಮುನಿಸಾ ಕಣ್ಣೊರೆಸಿಕೊಂಡಳು. "ಅತ್ತೆ ನನ್ನ ಮನೇಲಿ ಕೂತ್ಕೊಂಡು ದಿನಾ ಏನಂತಾರೆ ಗೊತ್ತಾ? ಪಲಾವು ಅಂದ್ರೆ ಸನೋಬರ್ ಮಾಡಿದ್ದೇ ಅಂತ. ನನಗೆ ಹೊಟ್ಟೆ ಉರಿಯಲ್ವಾ?"

ಸನೋಬರಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು.

ಮುಂದಿನ ವಾರ ಇಕ್ರೋಮನೇ ಗ್ಯಾಸ್ ಆಫೀಸಿಗೆ ಹೋಗಿ ಜನ ಕರೆತಂದ. ಚಿಮಣಿಗೆ ಗೋಡೆಯಲ್ಲಿ ಬೇರೆ ದಾರಿಯಾಯಿತು. ಗೀಸರಿನ ಕೊಳವೆ ಗೀಸರಿಗೇ ಉಳಿಯಿತು. ಗಾಳಿ ಒಳಬರಲು ಗೋಡೆಯಲ್ಲಿ ಜಾಲರಿ ಕೂಡಿಸಿದರು. ಒಲೆಯ ಉರಿ ತಾಗುವಷ್ಟು ಕೆಳಗಿದ್ದ ಚಿಮಣಿಯನ್ನು, ಅದರ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಎತ್ತರಕ್ಕೆ ಏರಿಸಿದರು. "ಚಿಮಣಿಯ ಜಾಲರಿಗೆ ಜಿಡ್ಡು ಕಟ್ಟೋಕೆ ಬಿಡಬೇಡಿ, ಬೆಂಕಿ ಹಿಡಿಯುತ್ತೆ," ಎಂದರು ಬಂದವರು. ಮರುದಿನ ಇಕ್ರೋಮ್ ತಾನೇ ಆ ಜಾಲರಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆದ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಗೆ ಚಿಮಣಿ ತನ್ನಿ, ಖಂಡಿತ ತನ್ನಿ. ಆದರೆ ಕೆಲಸ ಬಲ್ಲವರಿಂದಲೇ ಹಾಕಿಸಿ, ಅವರು ಬರುವವರೆಗೆ ಕಾಯಿರಿ. ಗೀಸರಿನ ಹೊಗೆಕೊಳವೆಗೆ ಅದನ್ನು ಎಂದೂ ಜೋಡಿಸಬೇಡಿ. ಎಷ್ಟೇ ಚಳಿಯಿರಲಿ, ಹೊರಗಿನ ಗಾಳಿ ಒಳಗೆ ಬರಲು ದಾರಿ ಬಿಡಿ. ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆಮನೆಯಲ್ಲಿ ಯಾರಾದರೂ ತಲೆನೋವು, ತಲೆಸುತ್ತು ಎಂದರೆ ಮಾತಿಗೆ ಮಾತು ಬೆಳೆಸುತ್ತಾ ನಿಲ್ಲಬೇಡಿ. ಮೊದಲು ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆತನ್ನಿ.