ಕಿರ್ಕ್‌ಬಾರನ್ ಮ್ಯೂಸಿಯಂನಲ್ಲಿ ಒಂದು ಶನಿವಾರ

ಕಿರ್ಕ್‌ಬಾರನ್ ಎಂಬ ಸ್ಕಾಟ್ಲೆಂಡಿನ ಪುಟ್ಟ ಊರಿನಲ್ಲಿ ಎಷ್ಟು ಬೆಂಚುಗಳಿವೆ ಎಂದು ಕೇಳಿ ನೋಡಿ, ಭಗವಂತರಾಯ ಥಟ್ಟನೆ ಹೇಳುತ್ತಾನೆ: ಹದಿನಾಲ್ಕು, ನದಿಯ ದಂಡೆಯಲ್ಲೇ ಒಂಬತ್ತು. ಕಲ್ಲುಸೇತುವೆಯ ಪಕ್ಕ ಒಂದು ಶೌಚಾಲಯ, ಒಂದು ಔಷಧದ ಅಂಗಡಿ. ಬ್ಯಾಂಕ್ ಎಂದರೆ ಮಂಗಳವಾರ ಬಂದು ನಿಲ್ಲುವ ವ್ಯಾನು. ಉಣ್ಣೆಯ ಗಿರಣಿ ಮುಚ್ಚಿ ನಲವತ್ತು ವರ್ಷವಾಯಿತು. ಗುಡ್ಡದ ಮೇಲಿನ ಕೋಟೆಯಲ್ಲಿ ಒಂದೂವರೆ ಗೋಡೆ ಉಳಿದಿದೆ. ಅದೇ, ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ತನ್ನ ಬಾಡಿಗೆ ಮನೆಯ ಎದುರು ಯಾರಿದ್ದಾರೆ ಎಂದು ಕೇಳಿದರೆ ಮಹಾಶಯ ತಲೆ ಕೆರೆದುಕೊಳ್ಳುತ್ತಾನೆ.

ಅವನ ಕೆಲಸವೇ ಅಂಥದ್ದು. ಕೆ.ಆರ್. ಪುರದ ಆಫೀಸಿನಲ್ಲಿ ಕೂತು, ಪ್ರವಾಸಿಗರ ಆ್ಯಪ್‌ಗಾಗಿ ಕಂಡಿಲ್ಲದ ಊರುಗಳಿಗೆ ಫೋನ್ ಮಾಡಿ, ಎಷ್ಟಕ್ಕೆ ತೆರೆಯುತ್ತೀರಿ, ಎಷ್ಟಕ್ಕೆ ಮುಚ್ಚುತ್ತೀರಿ ಎಂದು ಕೇಳಿ ಫಾರಂ ತುಂಬುವುದು. ಎಲ್ಲಿಂದ ಮಾತಾಡುತ್ತಿದ್ದೇವೆಂದು ಮಾತ್ರ ಹೇಳಕೂಡದು. ಕಲಬುರಗಿಯವನು, ವಯಸ್ಸು ಐವತ್ಮೂರು, ಮದುವೆಯಾಗಿಲ್ಲ. ಕಂಟೋನ್ಮೆಂಟಿನಲ್ಲಿ ಅವನಿದ್ದ ಟ್ರಾವೆಲ್ ಏಜೆನ್ಸಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದ. ಇಲ್ಲಿ ಎಲ್ಲರಿಗೂ ಅವನು ಅಂಕಲ್.

ಆ ಬುಧವಾರ ಕಿರ್ಕ್‌ಬಾರನ್ನಿನ ಮ್ಯೂಸಿಯಂ ಸರದಿ. ಫೋನ್ ಎತ್ತಿದ್ದು ಡೂಗಲ್ ಎಂಬ ಎಂಬತ್ತು ದಾಟಿದ ಅಜ್ಜ. ಮ್ಯೂಸಿಯಂ ನೋಡಿಕೊಳ್ಳುವವನು ಅವನೊಬ್ಬನೇ. ಗಿರಣಿಯಲ್ಲಿ ಕೊನೆಗೆ ನೇಯ್ದ ಕಂಬಳಿ ಇದೆ, ನದಿ ಊರೊಳಗೆ ನುಗ್ಗಿದ ವರ್ಷದ ಫೋಟೋಗಳಿವೆ ಎಂದು ಕೇಳದೆಯೇ ಹೇಳಿದ.

"ಶನಿವಾರ ಎರಡು ಗಂಟೆಗೆ ತೆರೆದಿರುತ್ತದೆಯೇ ಸರ್?" ಎಂದ ಭಗವಂತರಾಯ, ತನ್ನ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ.

"ಬರುವವರಿದ್ದರೆ ತೆರೆಯುತ್ತೇನೆ. ನೀವು ಬನ್ನಿ."

ಕಲಬುರಗಿಯಲ್ಲಿ ಯಾರು ಕರೆದರೂ, ಹೋಗುವ ಮನಸ್ಸು ಇರಲಿ ಬಿಡಲಿ, "ಬರ್ತೀನ್ ತಗೋರಿ" ಎನ್ನುವುದೇ ಮರ್ಯಾದೆ. ಕರೆದವರೂ ಅದನ್ನು ನಂಬಿ ಎರಡು ರೊಟ್ಟಿ ಹೆಚ್ಚಿಗೆ ತಟ್ಟುವುದಿಲ್ಲ. ಆ ಅಭ್ಯಾಸಬಲದಿಂದ ಭಗವಂತರಾಯ, ಖಂಡಿತ ಬರುತ್ತೇನೆ ಸರ್, ಎಂದುಬಿಟ್ಟ.

ಫಾರಂನಲ್ಲಿ ವೀಲ್‌ಚೇರ್ ದಾರಿಯ ಕಾಲಂ ಖಾಲಿ ಉಳಿದಿತ್ತೆಂದು ಸೋಮವಾರ ಮತ್ತೆ ಫೋನ್ ಮಾಡಿದ. ಅಜ್ಜ ದನಿ ಗುರುತು ಹಿಡಿದ.

"ಬಸ್ಸು ತಪ್ಪಿತೇ? ನಾನು ಹನ್ನೆರಡಕ್ಕೇ ಹೀಟರ್ ಹಾಕಿದ್ದೆ. ಐದರವರೆಗೂ ಬಾಗಿಲಲ್ಲೇ ಇದ್ದೆ. ಅಕ್ಟೋಬರ್ ಆದಮೇಲೆ ಯಾರೂ ಬಂದಿಲ್ಲ ನೋಡಿ. ಪರವಾಗಿಲ್ಲ, ಈ ಶನಿವಾರ ಬನ್ನಿ."

ಭಗವಂತರಾಯನಿಗೆ ನಾಚಿಕೆಯಾಯಿತು. ಅದರ ಜೊತೆಗೇ, ಸುಳ್ಳೇಕೆ, ಸಂತೋಷವೂ ಆಯಿತು. ಅವ್ವ ಹೋದ ಮೇಲೆ ಅವನಿಗಾಗಿ ಬಾಗಿಲಲ್ಲಿ ನಿಂತವರೇ ಇರಲಿಲ್ಲ. ಹೌದು ಸರ್, ಬಸ್ಸು ತಪ್ಪಿತು ಎಂದರೆ ಸಾಕು, ಇನ್ನೊಂದು ವಾರ ಈ ಭೂಮಿಯ ಮೇಲೆ ಒಬ್ಬ ಅವನ ದಾರಿ ನೋಡುತ್ತಾನೆ. ನಿಜ ಹೇಳಿದರೆ ಆ ಒಬ್ಬನೂ ಇಲ್ಲ. ಆದರೆ ಅಷ್ಟು ವಯಸ್ಸಾದ ಜೀವ, ಆ ಚಳಿಯಲ್ಲಿ ಮತ್ತೆ ಐದರವರೆಗೆ ನಿಲ್ಲಬೇಕೇ?

ಹೇಳಿಬಿಟ್ಟ. ತಾನಿರುವುದು ಬೆಂಗಳೂರಿನಲ್ಲಿ, ಬರಲಾಗುವುದಿಲ್ಲ, ನಮ್ಮ ಕಡೆ ಕರೆದಾಗ ಹಾಗೆ ಅನ್ನುವುದು ರೂಢಿ ಎಂದೆಲ್ಲ.

"ಅಂದರೆ ನೀವು ಬರುವುದೇ ಇಲ್ಲ."

"ಇಲ್ಲ ಸರ್. ತಪ್ಪಾಯಿತು."

"ಹೇಳಿದ್ದು ಒಳ್ಳೆಯದಾಯಿತು. ಶನಿವಾರ ಹೀಟರ್ ಹಾಕುವುದಿಲ್ಲ." ಅಜ್ಜ, ವೀಲ್‌ಚೇರಿಗೆ ಹಿಂಬಾಗಿಲಿನಿಂದ ದಾರಿಯಿದೆ ಎಂದು ಸೌಜನ್ಯದಿಂದಲೇ ತಿಳಿಸಿ ಫೋನಿಟ್ಟ.

ಭಗವಂತರಾಯ ಹೆಡ್‌ಫೋನ್ ತೆಗೆದಿಟ್ಟ. ಪಕ್ಕದ ಸೀಟಿನ ವಸಂತ್ ಬ್ಯಾಗು ಹೆಗಲಿಗೇರಿಸುತ್ತಿದ್ದ. ಜೀವನ್ ಬಿಮಾ ನಗರದಲ್ಲಿ ಮನೆ, ಹೆಂಡತಿ, ಮಗು ಇರುವವನು, ಕೆಟ್ಟವನಲ್ಲ. ಎರಡು ವರ್ಷದಿಂದ ಹೊರಡುವಾಗ ಹೇಳುವ ಮಾತನ್ನೇ ಇವತ್ತೂ ಹೇಳಿದ.

"ಬರ್ಲಾ ಅಂಕಲ್? ಒಂದ್ ಭಾನ್ವಾರ ನಮ್ಮನೇಗ್ ಊಟಕ್ಕೆ ಬನ್ನಿ."

"ಬರ್ತೀನಪಾ" ಎಂದು ಸುಮ್ಮನಾಗುತ್ತಿದ್ದ ಭಗವಂತರಾಯನಿಗೆ ಇವತ್ತು ಏನಾಯಿತೋ.

"ಈ ಭಾನುವಾರ ಬರ್ಲೇನು? ಎಷ್ಟ್ ಗಂಟೆಗ್ ಬರ್ಲಿ?"

ವಸಂತನ ನಗು ಅರ್ಧಕ್ಕೇ ನಿಂತಿತು. "ಈ ವಾರನಾ... ಈ ವಾರ ಸ್ವಲ್ಪ... ಮನೇಲ್ ಕೇಳ್ಬಿಟ್ಟು ಫೋನ್ ಮಾಡ್ತೀನಿ ಅಂಕಲ್."

"ಆಯ್ತಪಾ."

ವಸಂತನ ಬಳಿ ತನ್ನ ನಂಬರೇ ಇಲ್ಲವೆಂದು ಭಗವಂತರಾಯನಿಗೆ ಗೊತ್ತಿತ್ತು. ಆದರೂ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನ್ ಎದುರಿಗಿಟ್ಟುಕೊಂಡು, ಎರಡು ಗಂಟೆಯವರೆಗೂ ಕೂತ. ಆಮೇಲೆ ಅಂಗಿ ಬಿಚ್ಚಿಟ್ಟು ಒಂದು ಲೋಟ ಅಕ್ಕಿ ತೊಳೆದ.